ನಿನ್ನದೇನಿದೆ ಹೋಗೋಕೆ?

ಮೊದಲು ಹೋದದ್ದು ಲಟ್ಟಣಿಗೆ. ಬೆಳಗಿನ ಚಪಾತಿಗೆ ಹಿಟ್ಟು ನಾದಿ, ಉಂಡೆ ಕಟ್ಟಿ, ಕೈ ಚಾಚಿದರೆ ಲಟ್ಟಣಿಗೆ ಇಲ್ಲ. ಮಣೆ ಇದೆ, ಹಿಟ್ಟಿದೆ, ಒಲೆಯ ಮೇಲೆ ಕಾವಲಿ ಹೊಗೆಯಾಡುತ್ತಿದೆ, ಹೊರಗೆ ಬಸ್ಸಿನ ಡ್ರೈವರುಗಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾರೆ. ನಾನು ಹುಡುಕಲಿಲ್ಲ. ಹುಡುಕಿ ಪ್ರಯೋಜನವಿಲ್ಲವೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ನೇರವಾಗಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಗುದ್ದಿ, "ಏನೋ ತಪ್ಪು ಬರೆದೆ?" ಎಂದೆ. ಒಳಗಿನಿಂದ ನನ್ನ ತಮ್ಮ ಮಾದು, "ಶೇಕಡಾ ಲೆಕ್ಕ ಕಣಕ್ಕ, ಲಾಭ ನಷ್ಟದ್ದು" ಎಂದ. ಆವತ್ತು ಸೀಸೆಯಲ್ಲಿ ಚಪಾತಿ ಲಟ್ಟಿಸಿದೆ, ಬಾಯಲ್ಲಿ ಅವನನ್ನು ಲಟ್ಟಿಸಿದೆ.

ನಮ್ಮೂರಿನ ರೀತಿಯೇ ಅದು. ಗುಡ್ಡದ ಆಚೆಗಿರುವ ಆ ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಓದುವವರು ಒಂದು ತಪ್ಪು ಉತ್ತರ ಬರೆದರೆ ಅವರ ಮನೆಯಿಂದ ಒಂದು ಸಾಮಾನು ಹೋಗುತ್ತದೆ. ಅಭ್ಯಾಸದ ಪರೀಕ್ಷೆಯಾದರೂ ಅಷ್ಟೇ, ನಿಜದ ಪರೀಕ್ಷೆಯಾದರೂ ಅಷ್ಟೇ. ಉತ್ತರ ಬರೆಯದೆ ಬಿಟ್ಟರೆ ಏನೂ ಹೋಗುವುದಿಲ್ಲ. ಸರಿ ಬರೆದರೆ ಮನೆಗೆ ಏನಾದರೂ ಬರುತ್ತದೆಯೇ ಎಂದು ಕೇಳಬೇಡಿ, ಮೈ ಉರಿಯುತ್ತದೆ. ಬೇರೆ ಪರೀಕ್ಷೆಗಳಿಗೆ ಈ ಕಾಟವಿಲ್ಲ. ಹತ್ತನೇ ಕ್ಲಾಸಿನಲ್ಲಿ ಎಷ್ಟು ಬೇಕಾದರೂ ತಪ್ಪು ಬರೆಯಿರಿ, ಒಂದು ಚಮಚವೂ ಅಲುಗುವುದಿಲ್ಲ. ಇನ್ನು ಹೋಗುವುದಾದರೂ ಎಂಥದ್ದು ಅಂತೀರಿ? ಅಟ್ಟದ ಮೇಲಿನ ಮುರುಕಲು ಟ್ರಂಕು ಹೋಗುವುದಿಲ್ಲ. ದಿನಾ ಕೈಗೆ ಬೇಕಾದದ್ದು, ಇಲ್ಲದಿದ್ದರೆ ಅಯ್ಯೋ ಎಲ್ಲಿ ಎಂದು ಮನೆಯವರು ತಡಕಾಡುವಂಥದ್ದೇ ಹೋಗಬೇಕು. ಜನ ಬುದ್ಧಿವಂತಿಕೆ ಮಾಡಿ ಮನೆ ತುಂಬ ಕಲ್ಲು, ಕರಟ, ತೂತು ಬಿದ್ದ ಕೊಡ ತುಂಬಿಸಿಟ್ಟು ನೋಡಿದರು. ಕರಟ ಹಾಗೇ ಇತ್ತು, ಅಜ್ಜಿಯ ಕನ್ನಡಕ ಹೋಯಿತು.

ಜನ ಏನಕ್ಕಾದರೂ ಹೊಂದಿಕೊಳ್ಳುತ್ತಾರೆ ಬಿಡಿ. ಯಾರಾದರೂ ಹಲ್ಲುಜ್ಜುವ ಬ್ರಷ್ಷನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರೆ, ಓಹೋ ಇವರ ಮನೆಯಲ್ಲಿ ಪರೀಕ್ಷೆಯವರಿದ್ದಾರೆ ಎಂದುಕೊಳ್ಳುತ್ತೇವೆ. ಹೆಣ್ಣು ಕೊಡುವವರು ಹುಡುಗನ ಜಾತಕ ಕೇಳುವ ಮೊದಲು, ಆ ಮನೆಯಲ್ಲಿ ಆ ಪರೀಕ್ಷೆಗೆ ಯಾರಾದರೂ ಓದುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಹಾಗಂತ ಓದುವುದನ್ನು ಯಾರೂ ಬಿಡುವುದಿಲ್ಲ. ಆ ಸ್ಕೂಲಿಗೆ ಹೋದವರ ಫೋಟೋ ಚೌಕದಲ್ಲಿ ಹಾಕುತ್ತಾರಲ್ಲ, ಅದನ್ನು ನೋಡಿಕೊಂಡು ಸೌಟಿಲ್ಲದ ಮನೆಯವರೂ ಮೀಸೆ ತಿರುವುತ್ತಾರೆ.

ನಾನು ಚೆನ್ನಾಜಮ್ಮ. ಬಸ್ ಸ್ಟ್ಯಾಂಡಿನ ಹಿಂದೆ ಮೆಸ್ ನಡೆಸುತ್ತೇನೆ. ಗಂಡ ಎನ್ನುವವನು ಮದುವೆಯಾದ ವರ್ಷವೇ ಎತ್ತಲೋ ಹೋದ. ಅದಕ್ಕೆ ಯಾವ ಪರೀಕ್ಷೆಯೂ ಕಾರಣವಲ್ಲ. ತವರಿಗೆ ಬಂದೆ. ಅಪ್ಪ ಮೊದಲೇ ಇರಲಿಲ್ಲ, ಅಮ್ಮ ತೀರಿಕೊಂಡಾಗ ಮಾದು ಇನ್ನೂ ಅಂಬೆಗಾಲಿಡುತ್ತಿದ್ದ. ಸೊಂಟದ ಮೇಲೆ ಅವನು, ಕೈಯಲ್ಲಿ ಸೌಟು, ಹಾಗೇ ಈ ಮೆಸ್ ಕಟ್ಟಿದೆ. ಊರಲ್ಲಿ ನನಗೆ ಹೆಸರಿರುವುದು ಬೇಳೆಸಾರಿಗೆ. ನನ್ನ ಹತ್ತಿರವೇ ಸಾರಿನ ಪುಡಿ ಕೊಂಡು, ನಾನು ಹೇಳಿದ ಹಾಗೇ ಮಾಡಿ, ಆಮೇಲೆ ಬಂದು "ನಿನ್ನ ಹಂಗೆ ಬರ್ಲಿಲ್ಲ ಕಣೇ" ಎಂದು ಮುಖ ಸಣ್ಣಗೆ ಮಾಡಿಕೊಂಡ ಹೆಂಗಸರು ಈ ಬೀದಿಯಲ್ಲೇ ಇದ್ದಾರೆ. ಅದು ಕೈರುಚಿ. ನಾನೇನು ತಪಸ್ಸು ಮಾಡಿ ಪಡೆದದ್ದಲ್ಲ. ಆದರೆ ನಮ್ಮಿಬ್ಬರ ಹೊಟ್ಟೆ ತುಂಬಿದ್ದು, ಮಾದು ಕಾಲೇಜು ಮುಗಿಸಿದ್ದು, ಹೋದ ಲಟ್ಟಣಿಗೆಯ ಜಾಗಕ್ಕೆ ಹೊಸ ಲಟ್ಟಣಿಗೆ ಬಂದದ್ದು ಎಲ್ಲ ಅದರಿಂದಲೇ.

ಲಟ್ಟಣಿಗೆ ಹೋದ ವರ್ಷ ಮಾದು ಈ ಪರೀಕ್ಷೆಗೆ ಕೂತು ಫೇಲಾದ. ಮತ್ತೆ ಓದತೊಡಗಿದ. ಅಂಕ ಮಾತ್ರ ಅರ್ಧಕ್ಕೆ ನಿಂತುಬಿಟ್ಟಿತ್ತು, ಹೂತ ಗಾಡಿಯ ಹಾಗೆ ಮುಂದಕ್ಕೆ ಬರಲೊಲ್ಲದು. ಆಗ ಅಶ್ವತ್ಥಯ್ಯ ಮೇಷ್ಟರ ಕೋಚಿಂಗ್ ಸೇರಿದ. ಅವರನ್ನು ಊರವರು ಸ್ಟ್ರಾಟಜಿ ಮೇಷ್ಟ್ರು ಎನ್ನುತ್ತಾರೆ. ಪಾಠ ಮಾಡುವುದಿಲ್ಲ, ಪರೀಕ್ಷೆಯನ್ನು ಹೇಗೆ ಬರೆಯಬೇಕೆಂದು ಮಾತ್ರ ಹೇಳುತ್ತಾರೆ.

ಸುಳ್ಳು ಯಾಕೆ ಹೇಳಲಿ, ಅವರು ಮೊದಲು ಹೇಳಿಕೊಟ್ಟದ್ದೆಲ್ಲ ನನಗೂ ಸರಿಯೆನಿಸಿತ್ತು. ನಿಜದ ಪರೀಕ್ಷೆ ಯಾವ ಹೊತ್ತಿಗೋ ಅದೇ ಹೊತ್ತಿಗೆ ಮನೆಯಲ್ಲೂ ಗಡಿಯಾರ ಇಟ್ಟುಕೊಂಡು ಬರಿ. ಬರುವ ಪ್ರಶ್ನೆಯನ್ನು ಮೊದಲು ಮುಗಿಸು, ಬಾರದ್ದಕ್ಕೆ ಜಿಗಣೆಯಂತೆ ಕಚ್ಚಿಕೊಂಡು ಕೂರಬೇಡ. ನಾಲ್ಕು ಉತ್ತರ ಕೊಟ್ಟಿದ್ದರೆ ಖಂಡಿತ ಅಲ್ಲದವನ್ನು ಹೊಡೆದುಹಾಕು, ಎರಡು ಉಳಿದರೆ ಯೋಚಿಸು. ತಪ್ಪಿದ್ದು ಯಾಕೆ ತಪ್ಪಿತೆಂದು ಸಂಜೆ ಕೂತು ನೋಡು. ಗೊತ್ತಿಲ್ಲದೆ ತಪ್ಪಿತೋ, ಅವಸರಕ್ಕೆ ತಪ್ಪಿತೋ. ದಿನಾ ಪತ್ರಿಕೆಯ ಸಂಪಾದಕೀಯ ಓದಿ ಒಂದು ಮಾತಿನಲ್ಲಿ ಅದರ ಸಾರ ಹೇಳು. ಮಾದು ನನಗೇ ಹೇಳುತ್ತಿದ್ದ, ನಾನು ಹುಣಸೆಹಣ್ಣು ಕಿವುಚುತ್ತಾ ಕೇಳುತ್ತಿದ್ದೆ. ಅಂಕ ಸ್ವಲ್ಪ ಮೇಲಕ್ಕೆದ್ದಿತು. ಒಗ್ಗರಣೆ ಸೌಟು, ಈಳಿಗೆಮಣೆ, ನನ್ನ ಬಾಚಣಿಗೆ ಹೋದವು. ಹೋಗಲಿ ಎಂದುಕೊಂಡೆ. ಆಮೇಲೆ ಅಂಕ ಮತ್ತೆ ನಿಂತಿತು.

ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರು ಊಟಕ್ಕೆಂದು ಬಂದರು. ಜೊತೆಗೆ ನಮ್ಮ ದೊಡ್ಡಪ್ಪ ಗುರುಮಲ್ಲಪ್ಪ, ನಮ್ಮ ಮನೆಯ ವಿಷಯದಲ್ಲಿ ಮಾತಾಡುವ ಹಕ್ಕು ತನಗೊಬ್ಬನಿಗೇ ಇದೆಯೆಂದು ತಿಳಿದವನು. ಊಟ ಬಡಿಸುತ್ತಿದ್ದೆ. ಮೇಷ್ಟ್ರು ಅನ್ನ ಕಲಸುತ್ತಾ, "ನೋಡಮ್ಮಾ, ಹುಡುಗನಿಗೆ ಬುದ್ಧಿ ಇದೆ, ಧೈರ್ಯ ಇಲ್ಲ. ತಪ್ಪಾದ್ರೆ ಅಕ್ಕನ ಸಾಮಾನು ಹೋಗುತ್ತಲ್ಲ ಅಂತ ಹೆದರಿಕೊಂಡು ಅರ್ಧಕ್ಕರ್ಧ ಪ್ರಶ್ನೆ ಬಿಟ್ಟುಬಿಡ್ತಾನೆ. ಅಂಕ ನಿಂತಿರೋದು ಅಲ್ಲೇ" ಎಂದರು.

"ಅಂದ್ರೆ ನಾನು ಬೈಯೋದ್ರಿಂದ ಅಂಕ ಕಮ್ಮಿ ಬರ್ತಿದೆ ಅಂತೀರಾ?"

"ಹಂಗಲ್ಲಮ್ಮ. ಮನೆ ಖಾಲಿ ಮಾಡಿಬಿಡಿ. ಹೋಗೋಕೆ ಏನೂ ಇಲ್ಲದ ಮೇಲೆ ಭಯ ಯಾತರದ್ದು? ಒಂದೂ ಬಿಡದಂಗೆ ಬರೀಲಿ. ಕೊನೇಲಿ ಉಳಿದದ್ದಕ್ಕೆಲ್ಲ ಒಂದೇ ಅಕ್ಷರ ತುಂಬಿಬಿಡ್ಲಿ, ನಾಲ್ಕರಲ್ಲಿ ಒಂದಾದ್ರೂ ತಗುಲಿಕೊಳ್ಳುತ್ತೆ. ತಪ್ಪಿಗೆ ಕಳೆಯೋ ಅಂಕ ಅಲ್ಪಸ್ವಲ್ಪ, ಬಂದ್ರೆ ಬಂಪರ್ರು."

ಮನೆ ಖಾಲಿ ಮಾಡುವುದು ಹೊಸದೇನಲ್ಲ. ಪರೀಕ್ಷೆಯ ಹಿಂದಿನ ದಿನ ಸಾಮಾನನ್ನೆಲ್ಲ ಅಕ್ಕಪಕ್ಕದವರ ಮನೆಗೆ ಸಾಗಿಸುವವರು ಊರಲ್ಲಿ ಹಲವರಿದ್ದಾರೆ. ಆದರೆ ಬಾಗಿಲಿಗೆ ಬೀಗ ಹಾಕಿ ಹೋಗುವಂತಿಲ್ಲ. ಎಣ್ಣೆ ಗಾಣದವರು ಹಾಗೆ ಮಾಡಿದ್ದರು. ಮನೆಯಲ್ಲಿ ನರಪಿಳ್ಳೆ ಇಲ್ಲದ್ದಕ್ಕೆ ಬರೆಯುತ್ತಿದ್ದವನಿಂದಲೇ ಹೋಯಿತು. ಹುಡುಗ ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಅವನಿಗೆ ನಗುವುದು ಹೇಗೆಂದು ತಿಳಿಯುತ್ತಿರಲಿಲ್ಲ. ಸೀಟು ಸಿಕ್ಕಿತು ಎನ್ನಿ. ಚೌಕದ ಫೋಟೋದಲ್ಲಿ ಹಲ್ಲು ಬಿಟ್ಟಿದ್ದಾನೆ, ಹತ್ತಿರ ಹೋಗಿ ನೋಡಿದರೆ ಅದು ನಗುವಲ್ಲವೆಂದು ಗೊತ್ತಾಗುತ್ತದೆ. ಅದಕ್ಕೇ ಖಾಲಿ ಮನೆಯಲ್ಲಿ ಒಬ್ಬರು ಕೂರಬೇಕು. ಇದಕ್ಕೆ 'ಮನೆ ಕೂರುವುದು' ಎನ್ನುತ್ತೇವೆ. ಕೂರುವವರು ಯಾರು? ಅಜ್ಜಿ, ವಿಧವೆ ಅತ್ತೆ, ಮದುವೆಯಾಗದ ಚಿಕ್ಕಮ್ಮ. ಒಬ್ಬ ಗಂಡಸು ಕೂತದ್ದನ್ನು ನಾನು ಈವರೆಗೆ ಕಂಡಿಲ್ಲ.

"ಯಾರು ಕೂರ್ತಾರೆ?" ಎಂದೆ.

ದೊಡ್ಡಪ್ಪ ತಲೆಯನ್ನೂ ಎತ್ತಲಿಲ್ಲ. "ನೀನೇ ಕೂತ್ಕೊ. ನಿನ್ನದೇನಿದೆ ಹೋಗೋಕೆ? ಗಂಡನೇ ಮಕ್ಕಳೇ? ಇನ್ನೊಂಚೂರು ಸಾರು ಹಾಕು."

ನನ್ನ ಸಾರನ್ನೇ ಸುರಿಯುತ್ತಾ, ನನ್ನ ಅನ್ನದಲ್ಲೇ ಬೆರಳಾಡಿಸುತ್ತಾ ಆ ಮಾತು! ಮೈಯೆಲ್ಲ ಧಗಧಗ ಉರಿಯಿತು. ಸೌಟನ್ನು ಪಾತ್ರೆಗೆ ಬಡಿದ ರಭಸಕ್ಕೆ ಸಾರು ಮೇಷ್ಟರ ಅಂಗಿಗೆ ಹಾರಿತು. "ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತೀರಲ್ಲ, ನಿಮ್ಮ ಹೆಂಡ್ತಿನ ಕೂರಿಸ್ತೀರಾ ಮೇಷ್ಟ್ರೇ? ದೊಡ್ಡಮ್ಮನ ಕೂರಿಸ್ತೀಯಾ ದೊಡ್ಡಪ್ಪಾ?" ಎಂದೆ. ಮೇಷ್ಟ್ರು ಅಂಗಿ ಒರೆಸಿಕೊಂಡರು. ದೊಡ್ಡಪ್ಪ, "ಬಾಯಿ ನೋಡು ಇವಳದ್ದು, ಅದಕ್ಕೇ ಗಂಡ ಓಡಿಹೋದ" ಎಂದ. ಆ ಮಾತೆಲ್ಲ ನನಗೆ ಅಭ್ಯಾಸ, ಅದಕ್ಕೆ ನೋವಾಗಲಿಲ್ಲ. ಮಾದು ಅಲ್ಲೇ ಕಂಬಕ್ಕೊರಗಿ ನಿಂತಿದ್ದ, ಅವನು ಒಂದು ಮಾತೂ ಆಡಲಿಲ್ಲ. ನನಗೆ ನೋವಾದದ್ದು ಅದಕ್ಕೆ.

ಪಕ್ಕದ ಮನೆಯ ಗಂಗಕ್ಕನ ಹತ್ತಿರ ಹೋಗಿ ಕೂತೆ. ಅವಳು ಮೊಮ್ಮಗನಿಗಾಗಿ ಮನೆ ಕೂತವಳು. ಈಗ ಅವಳ ಬಾಗಿಲ ಮುಂದೆ ಪ್ಲಾಸ್ಟಿಕ್ಕಿನ ರಂಗೋಲಿ ಅಂಟಿಸಿದೆ. ಹಿಂದೆ ಅವಳು ಎಳೆ ಎಳೆದರೆ ದಾರಿಯಲ್ಲಿ ಹೋಗುವವರು ಸೈಕಲ್ಲಿನಿಂದ ಇಳಿದು ನೋಡುತ್ತಿದ್ದರು.

"ಏನಾಯ್ತು ಹೇಳು ಗಂಗಕ್ಕ, ಆವತ್ತು ಕೂತಾಗ?" ಎಂದು ಕೇಳಿದೆ.

"ಏನಾಗುತ್ತೆ? ಮನೇಲಿ ಏನೂ ಇರ್ಲಿಲ್ಲ, ನಾನಿದ್ದೆ. ಮಾರನೇ ದಿನ ಬೆಳಗ್ಗೆ ಚುಕ್ಕಿ ಇಟ್ಟೆ, ಎಳೆ ಯಾವ ಕಡೆ ತಿರುಗಬೇಕೋ ಗೊತ್ತಾಗ್ಲಿಲ್ಲ ಕಣೇ. ಮಗನಿಗೆ ಹೇಳಿದ್ರೆ ವಯಸ್ಸಾಯ್ತಲ್ಲಮ್ಮ ಅಂದ. ಹಿಂದಿನ ಬೀದಿ ಸೂಲಗಿತ್ತಿ ಇಲ್ವಾ? ಮಗಳಿಗೆ ಅಂತ ಕೂತ್ಲು. ಈಗ ಬಸುರಿ ಹೊಟ್ಟೆ ಮೇಲೆ ಕೈ ಇಟ್ರೆ ಮಗುವಿನ ತಲೆ ಎತ್ತಲಿದೆ ಅಂತ ತಿಳಿಯಲ್ಲ ಅಂತಾಳೆ. ಅವಳ ಗಂಡನೂ ವಯಸ್ಸು ಅಂತಾನೆ."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ನಂಬ್ತಾರೆ? ರಂಗೋಲಿ ಸಾಮಾನಿನ ಲೆಕ್ಕಕ್ಕೆ ಬರುತ್ತೇನೇ?" ಎಂದಳು ಗಂಗಕ್ಕ. ಅವಳು ಅಳಲಿಲ್ಲ, ಹೂ ಕಟ್ಟುವುದನ್ನೂ ನಿಲ್ಲಿಸಲಿಲ್ಲ. ನನಗೇ ಅವಳ ಪರವಾಗಿ ಯಾರನ್ನಾದರೂ ಹಿಡಿದು ಬಡಿಯಬೇಕೆನಿಸಿತು. ನನ್ನಿಂದ ಏನು ಹೋಗುತ್ತದೆಂದು ಆಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಹತ್ತಿರ ಇರುವುದು ಒಂದೇ.

ಮನೆಗೆ ಬಂದು ಮಾದುವಿಗೆ ಹೇಳಿದೆ. "ನನ್ನ ಕೈರುಚಿ ಹೋದ್ರೆ ಏನೋ ಮಾಡ್ತೀಯಾ?"

ಅವನು ಪುಸ್ತಕದಿಂದ ಕಣ್ಣು ತೆಗೆದು, "ಅದೆಲ್ಲ ಹೋಗೋದಾ ಅಕ್ಕ? ಹೋದ್ರೂ ಏನಂತೆ, ಪುಡಿಗೆ ಅಳತೆ ಇದೆಯಲ್ಲ, ಅಳೆದು ಹಾಕಿದ್ರಾಯ್ತು" ಎಂದ.

ಕೆನ್ನೆಗೆ ಬಾರಿಸಿಬಿಡುತ್ತಿದ್ದೆ. ಅಷ್ಟು ಎತ್ತರ ಬೆಳೆದವನ ಕೆನ್ನೆ ಕೈಗೆಟುಕಲಿಲ್ಲ. "ಅಳೆದು ಹಾಕ್ಕೊಂಡು ನೀನೇ ಮಾಡ್ಕೊ. ನಾನು ಕೂರಲ್ಲ, ಹೋಗು" ಎಂದೆ. ಅವನು ಪುಸ್ತಕ ಮುಚ್ಚಿಟ್ಟು, "ಆಯ್ತು ಬಿಡಕ್ಕ, ಬೀಗ ಹಾಕ್ತೀನಿ. ಹೋದ್ರೆ ನಂದೇ ಹೋಗ್ಲಿ" ಎಂದ. ಬೆದರಿಸಲು ಹೇಳಿದ ಮಾತಲ್ಲ ಅದು, ನಿಜವಾಗಿ ಹೇಳಿದ. ಅದೇ ನನ್ನನ್ನು ಕಟ್ಟಿಹಾಕಿತು. ಎಣ್ಣೆ ಗಾಣದ ಹುಡುಗನ ಹಲ್ಲು ಕಣ್ಣೆದುರು ಬಂತು. ನಾನು ಸಾಕಿದ ಮಗುವನ್ನು ಹಾಗೆ ನೋಡಲಾದೀತೇ? ಅತ್ತ ದರಿ, ಇತ್ತ ಪುಲಿ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಅವನು ಗೊತ್ತಿರುವುದನ್ನು ಬರೆಯಬೇಕು. ಎರಡು ಹೊಡೆದುಹಾಕಿ ಎರಡು ಉಳಿದದ್ದನ್ನೂ ಯೋಚಿಸಿ ಬರೆಯಲಿ, ಅದರಲ್ಲಿ ಒಂದೆರಡು ತಪ್ಪಿದರೆ ನಾನು ಸಹಿಸಿಕೊಳ್ಳುತ್ತೇನೆ. ಆದರೆ ಕುರುಡುಗುಂಡು ಹಾರಿಸುವಂತಿಲ್ಲ. ಕೊನೆಯಲ್ಲಿ ಒಂದೇ ಅಕ್ಷರ ತುಂಬುವಂತಿಲ್ಲ. "ಅನ್ನ ಮುಟ್ಟಿ ಹೇಳು" ಎಂದೆ. ಅವನು ತಟ್ಟೆಯ ಅನ್ನ ಮುಟ್ಟಿ, "ಆಣೆ ಅಕ್ಕ, ಗೊತ್ತಿಲ್ಲದ್ದು ಮುಟ್ಟಲ್ಲ" ಎಂದ. ಅಷ್ಟು ಸಾಕಾಯಿತು ನನಗೆ. ಅನ್ನ ಮುಟ್ಟಿ ಸುಳ್ಳು ಹೇಳುವವರು ನಮ್ಮ ಮನೆಯಲ್ಲಿ ಹುಟ್ಟಿಲ್ಲ ಎಂದುಕೊಂಡಿದ್ದೆ.

ಪರೀಕ್ಷೆಯ ಹಿಂದಿನ ದಿನ ಮೆಸ್ ಮುಚ್ಚಿ ಮನೆ ಖಾಲಿ ಮಾಡಿದೆವು. ಹಂಡೆ, ಕೊಳಗ, ತಟ್ಟೆ, ಲೋಟ, ಒಲೆ, ಚಾಪೆ, ದೇವರ ಮನೆಯ ದೀಪ ಎಲ್ಲ ಗಂಗಕ್ಕನ ಮನೆಗೆ ಹೋದವು. ರುಬ್ಬುವ ಕಲ್ಲನ್ನು ದೊಡ್ಡಪ್ಪ ತನ್ನ ಮನೆಗೆ ಉರುಳಿಸಿಕೊಂಡು ಹೋದ, ಸಹಾಯಕ್ಕೆಂದು. ನೋಡಿ, ಅದು ಇವತ್ತಿಗೂ ಅಲ್ಲೇ ಇದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಮೊಳೆಗೆ ನೇತುಹಾಕಿದ್ದ ಅಮ್ಮನ ಫೋಟೋ ಕೂಡ ತೆಗೆದೆವು. ಅಷ್ಟು ವರ್ಷ ಬಾಳಿದ ಮನೆಯಲ್ಲಿ ಮಾತಾಡಿದರೆ ಮಾತು ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು.

ಬೆಳಗ್ಗೆ ಮಾದು ಕಾಲಿಗೆ ಬಿದ್ದು ಹೋದ. ನಾನು ಅಡುಗೆಮನೆಯ ಬರಿ ನೆಲದಲ್ಲಿ ಕೂತೆ. ಗಂಗಕ್ಕ ಒಳ್ಳೆಯವಳು, ನಮ್ಮ ಕಿಟಕಿಯ ಆಚೆ, ತನ್ನ ಜಗಲಿಯಲ್ಲಿ ಒಲೆ ಹಚ್ಚಿ, ನನ್ನ ಕೈರುಚಿ ಇನ್ನೂ ಇದೆಯೋ ಎಂದು ನೋಡಿಕೊಳ್ಳಲು ನನ್ನ ಪುಡಿಯಲ್ಲೇ ಸಾರಿಗಿಟ್ಟಿದ್ದಳು. "ಬಟ್ಟಲನ್ನ ಒಳಗೆ ಚಾಚಬೇಡ, ಕಂಬಿ ಆಚೆಗೇ ಹಿಡಿ, ಇಲ್ದಿದ್ರೆ ಬಟ್ಟಲೇ ಹೋದೀತು" ಎಂದೆ. ಅವಳು ಕಂಬಿಯ ಆಚೆ ಹಿಡಿದಳು. ಮೂಸಿ ನೋಡಿ, "ಉಪ್ಪು ಒಂಚೂರು ಕಮ್ಮಿ, ಹುಣಸೆ ಹಸಿ ವಾಸನೆ ಇನ್ನೂ ಹೋಗಿಲ್ಲ" ಎಂದೆ. ಅವಳು ರುಚಿ ನೋಡಿ, ಹೌದು ಕಣೇ ಎಂದು ನಕ್ಕಳು. ಪರೀಕ್ಷೆಯಲ್ಲಿ ಮೊದಲು ಭಾಷೆಯ ಭಾಗ, ಆಮೇಲೆ ತರ್ಕ, ಕೊನೆಗೆ ಲೆಕ್ಕ. ಬಿಸಿಲು ಹೊಸ್ತಿಲಿಗೆ ಬರುವವರೆಗೂ ನಾನು ಮತ್ತೆ ಮತ್ತೆ ಮೂಸುತ್ತಿದ್ದೆ, ಮತ್ತೆ ಮತ್ತೆ ಸರಿಯಾಗಿ ಹೇಳುತ್ತಿದ್ದೆ. ನಮ್ಮ ಹುಡುಗ ಸಂಪಾದಕೀಯ ಓದಿದ್ದು ಸಾರ್ಥಕವಾಯಿತು ಎಂದು ಎದೆ ಉಬ್ಬಿತು.

ಮಧ್ಯದಲ್ಲಿ ಒಂದು ಸಲ ಇಂಗು ಹೋಯಿತು. ಹೇಗೆ ಗೊತ್ತಾಯಿತೆಂದರೆ, ಗಂಗಕ್ಕ ಒಗ್ಗರಣೆ ಹಾಕಿದಳು, ಚುರ್ ಎಂದಿತು, ಎಷ್ಟು ಇಂಗು ಹಾಕಿದಳೆಂದು ನನಗೆ ಹೇಳಲಾಗಲಿಲ್ಲ. ಹೋಗಲಿ, ತರ್ಕದಲ್ಲಿ ಎರಡರ ನಡುವೆ ಯೋಚಿಸಿ ಬರೆದು ತಪ್ಪಿದ್ದಾನೆ, ಇದು ಒಪ್ಪಂದದಲ್ಲೇ ಇದೆ ಎಂದು ಹಲ್ಲು ಕಚ್ಚಿ ಕೂತೆ. ಇಂಗಿಲ್ಲದೆಯೂ ಬದುಕಬಹುದು.

ಪರೀಕ್ಷೆ ಮುಗಿಯುವ ಹೊತ್ತು ಹತ್ತಿರ ಬಂತು. ಗಂಗಕ್ಕ ಮತ್ತೆ ಬಟ್ಟಲು ಹಿಡಿದಳು. ಮೂಸಿದೆ. ಉಪ್ಪು ಸಿಗಲಿಲ್ಲ. "ಇನ್ನೊಂದ್ಸಲ ಹಿಡಿ" ಎಂದೆ. ಹುಣಸೆಯೂ ಸಿಗಲಿಲ್ಲ. ಬೆರಳುಗಳನ್ನು ಕೂಡಿಸಿ ಚಿಟಿಕೆ ಹಿಡಿದು ನೋಡಿದೆ. ಎಷ್ಟು ಹಿಡಿಯಬೇಕೆಂದು ಬೆರಳಿಗೆ ತಿಳಿಯಲಿಲ್ಲ, ಯಾರದೋ ಬೆರಳಿನ ಹಾಗಿದ್ದವು. ಸಾರು ಕುದಿಯುವಾಗ ಒಂದು ಸದ್ದಿನಿಂದ ಇನ್ನೊಂದು ಸದ್ದಿಗೆ ತಿರುಗುತ್ತದೆ, ಆಗ ಇಳಿಸಬೇಕು. ಗಂಗಕ್ಕನ ಸಾರು ಅಲ್ಲೇ ಕುದಿಯುತ್ತಿತ್ತು, ನನಗೆ ಅದು ಬರಿ ನೀರಿನ ಸದ್ದಾಗಿ ಕೇಳಿತು. ಒಂದರ ಹಿಂದೆ ಒಂದು, ಸಾಲಾಗಿ, ಬಿಡುವಿಲ್ಲದೆ ಹೋಗುತ್ತಿದ್ದವು. ಯೋಚಿಸಿ ಬರೆಯುವವನ ತಪ್ಪು ಹೀಗೆ ಬರುವುದಿಲ್ಲ. ಇವನು ತುಂಬುತ್ತಿದ್ದಾನೆ. ಮೇಷ್ಟ್ರು ಹೇಳಿದ ಹಾಗೆ ಒಂದೇ ಅಕ್ಷರವನ್ನು ಮೇಲಿನಿಂದ ಕೆಳಕ್ಕೆ ತುಂಬುತ್ತಿದ್ದಾನೆ.

"ಅನ್ನ ಮುಟ್ಟಿ ಆಣೆ ಹಾಕಿದ್ನಲ್ಲೇ ಗಂಗಕ್ಕ!" ಎಂದು ಕೂಗಿದೆ. ಖಾಲಿ ಮನೆ ನನ್ನ ಮಾತನ್ನು ನನಗೇ ಹೇಳಿತು. ಎದ್ದು ನಿಂತೆ. ಬಾಗಿಲ ಕಡೆಗೆ ನಡೆದೆ.

ಗಂಗಕ್ಕ ಓಡಿ ಬಂದು ಹೊಸ್ತಿಲಿಗೆ ಅಡ್ಡ ನಿಂತಳು. "ಚೆನ್ನಾಜಿ, ಹೊರಗೆ ಬಂದ್ರೆ ಮನೆ ಬರಿದಾಗುತ್ತೆ ಕಣೇ. ಹುಡುಗನದ್ದು ಹೋಗುತ್ತೆ."

"ಗೊತ್ತು, ಸರಿ ಆಚೆ."

"ನೀನು ಸಾಕಿದ ಮಗು ಕಣೇ."

"ನಾನು ಸಾಕಿದ್ದಕ್ಕೇ ಹೇಳ್ತಿದೀನಿ, ಸರಿ! ನನ್ನದೇನಿದೆ ಹೋಗೋಕೆ ಅಂದಾಗ ಕಂಬಕ್ಕೊರಗಿ ನಿಂತಿದ್ನಲ್ಲ, ಅವನದೂ ಒಂದೆರಡು ಹೋಗ್ಲಿ. ಗೊತ್ತಾಗ್ಲಿ."

ಅವಳನ್ನು ತಳ್ಳಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಸಿಟ್ಟಿಗೆ ಬಂದೆನೋ ಹೆದರಿಕೆಗೋ ಕೇಳಬೇಡಿ, ಎರಡೂ ಇತ್ತು. ಒಂದು ಸಲ ಎದ್ದು ಒಳಗೆ ಹೋಗಿಬಿಡಲೇ ಎನಿಸಿತು. ಹೋಗಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಮುಗಿದ ಗಂಟೆ ದೂರದಿಂದ ಕೇಳಿತು.

ಅವನ ಅಂಕ ಏರಿತು, ಸೀಟೂ ಸಿಕ್ಕಿತು. ಆ ಮಾತನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ, ಯಾಕೆಂದರೆ ನಮ್ಮೂರವರಿಗೆ ಕೇಳಬೇಕಾದದ್ದು ಅದೊಂದೇ. ಚೌಕದಲ್ಲಿ ಅವನ ಫೋಟೋ ಹಾಕಿದ್ದಾರೆ, ಹೋಗಿ ನೋಡಿಕೊಳ್ಳಿ.

ಆವತ್ತು ಪರೀಕ್ಷೆ ಮುಗಿಸಿಕೊಂಡು ಮಾದು ಕುಣಿಯುತ್ತಾ ಬಂದ. ಹಿಂದೆಯೇ ಮೇಷ್ಟ್ರು, ದೊಡ್ಡಪ್ಪ. ನಾನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ನಗುತ್ತಿದ್ದ. ನಡಿಗೆ ಸರಿ ಇತ್ತು, ಮಾತು ಸರಿ ಇತ್ತು, ನನ್ನ ಗುರುತು ಸಿಕ್ಕಿತು. "ಒಂದೂ ಬಿಟ್ಟಿಲ್ಲ ಅಕ್ಕ! ಎಲ್ಲಾ ಬರೆದೆ!" ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದ.

"ಆಣೆ ಏನಾಯ್ತೋ?"

"ಖಾಲಿ ಮನೆ ಅಲ್ವಾ ಅಕ್ಕ, ಏನು ಹೋಗ್ತಿತ್ತು? ಕೊನೇಲಿ ಕೈ ತಡೀಲಿಲ್ಲ." ಬೈಗುಳ ನಿರೀಕ್ಷಿಸುವ ಮಗುವಿನ ಹಾಗೆ ಕತ್ತು ಕುಗ್ಗಿಸಿ ನಕ್ಕ. ನಾನು ಬೈಯಲಿಲ್ಲ. "ಕೂತ್ಕೊಳ್ಳಿ ಎಲ್ಲಾ, ಊಟಕ್ಕಿಡ್ತೀನಿ" ಎಂದೆ.

ಪಾತ್ರೆ ವಾಪಸ್ಸು ತಂದು ಅಡುಗೆ ಮಾಡಿದೆ. ಬೇಕೆಂದೇ ಬೇಳೆಸಾರು ಮಾಡಿದೆ. ಪುಡಿ ಅಳೆದು ಹಾಕಿದೆ, ಅವನೇ ಹೇಳಿದ್ದನಲ್ಲ. ರುಚಿ ನೋಡಿದೆ. ಥ್ಯಾ! ಬೇಳೆ ಒಂದು ಕಡೆ, ನೀರು ಒಂದು ಕಡೆ, ಹುಳಿ ಎಲ್ಲೋ, ಖಾರ ಎಲ್ಲೋ. ಒಲೆಯ ಮುಂದೆ ನಿಂತು ಒಂದು ಗಳಿಗೆ ಅತ್ತೆ. ಆಮೇಲೆ ಮುಖ ಒರೆಸಿಕೊಂಡು ಅದನ್ನೇ ಕೊಳಗದ ಸಮೇತ ಎತ್ತಿಕೊಂಡು ಬಂದು ಮೂವರಿಗೂ ಬಡಿಸಿದೆ. ತಿನ್ನಲಿ. ತಿಂದು ನೋಡಲಿ ನನ್ನದೇನಿತ್ತು ಎಂದು.

ದೊಡ್ಡಪ್ಪ ಮೊದಲ ತುತ್ತಿಗೇ ಮುಖ ಕಿವುಚಿದ. "ಏನೇ ಇದು, ಕಲಗಚ್ಚು ಇದ್ದಂಗಿದೆ!" ಎಂದ. ಮೇಷ್ಟ್ರು ಕೆಮ್ಮಿ, ನೀರು ಕುಡಿದು, ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳಿದರು. ಇಷ್ಟು ದಿನದ ಮೇಲೆ ನನ್ನ ಎದೆಗೆ ತಂಪಾಯಿತು. ಆದರೆ ಅವರಿಬ್ಬರು ಯಾವ ಲೆಕ್ಕ? ನಾನು ಕಾಯುತ್ತಿದ್ದದ್ದು ಮಾದುವಿನ ಮುಖಕ್ಕೆ. ಅವನ ನಾಲಿಗೆಯಂಥ ನಾಲಿಗೆ ಈ ಊರಲ್ಲಿ ಇನ್ನೊಂದಿಲ್ಲ. ಚಡ್ಡಿ ಹಾಕುವ ವಯಸ್ಸಿನಲ್ಲೇ ಒಂದು ತುತ್ತು ಬಾಯಿಗಿಟ್ಟು, "ಇವತ್ತು ಯಾರ ಮೇಲೆ ಸಿಟ್ಟು ಅಕ್ಕ?" ಎನ್ನುತ್ತಿದ್ದ. ಜ್ವರ ಬಂದಿದ್ದರೆ, ಅತ್ತಿದ್ದರೆ, ಯಾರಾದರೂ ಏನಾದರೂ ಅಂದಿದ್ದರೆ ಸಾರಿನಲ್ಲೇ ಕಂಡುಹಿಡಿಯುತ್ತಿದ್ದ. ನನ್ನನ್ನು ಹಾಗೆ ಓದಿದವರು ಬೇರೆ ಯಾರೂ ಇಲ್ಲ.

ಅವನು ಅನ್ನ ಕಲಸಿ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟ. ಅಗಿದ. ನುಂಗಿದ. ಇನ್ನೊಂದು ತುತ್ತು ಇಟ್ಟ. "ಇನ್ನೊಂದು ಸೌಟು ಹಾಕಕ್ಕ" ಎಂದ.

ಅಯ್ಯೋ ಕಳ್ಳ, ತಪ್ಪು ಮಾಡಿದ್ದಕ್ಕೆ ನಾಟಕ ಆಡುತ್ತಿದ್ದಾನೆ, ನನ್ನನ್ನು ಸಮಾಧಾನ ಮಾಡಲು ನೋಡುತ್ತಿದ್ದಾನೆ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಉಪ್ಪಿನ ಜಾಡಿ ತಂದು, ಎಲ್ಲರೂ ನೋಡುತ್ತಿದ್ದ ಹಾಗೇ ಒಂದು ಹಿಡಿ ಉಪ್ಪನ್ನು ಅವನ ತಟ್ಟೆಗೆ ಸುರಿದು ಸಾರು ಹಾಕಿದೆ. ದೊಡ್ಡಪ್ಪ, "ಏಯ್, ಹುಚ್ಚು ಹಿಡೀತೇನೇ?" ಎಂದು ಕೂಗಿದ. ಮಾದು, "ಇವತ್ತು ಉಪ್ಪು ಹಾಕೋದು ಮರೆತಿದ್ದೆಯಾ?" ಎಂದು ನಗುತ್ತಾ ಅದನ್ನೂ ಕಲಸಿಕೊಂಡ. ಹಸಿದವನು ಅನ್ನ ಉಣ್ಣುವ ಹಾಗೆ, ಹುಬ್ಬು ಕೂಡ ಅಲುಗಿಸದೆ, ನೆಮ್ಮದಿಯಾಗಿ ಉಂಡ.

ನನ್ನ ಕೈಯಿಂದ ಜಾಡಿ ಜಾರಿತು. ಅವನಿಂದ ಹೋಗಲು ಬೇರೆ ಏನೂ ಇರಲಿಲ್ಲವೇ? ಈಜು ಬರುತ್ತಿತ್ತು, ಸಿಳ್ಳೆ ಬರುತ್ತಿತ್ತು, ಕಂಡವರನ್ನೆಲ್ಲ ಅಣಕಿಸಿ ನಗಿಸುವುದು ಬರುತ್ತಿತ್ತು. ಅವೆಲ್ಲ ಇದ್ದ ಹಾಗೇ ಇದ್ದವು. ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತ ಆ ಒಂದು ಗಳಿಗೆಯಲ್ಲಿ ಹೋದದ್ದು ಅವನ ಆ ನಾಲಿಗೆಯೊಂದೇ.

"ಉಗುಳೋ ಅದನ್ನ!" ಎಂದು ಕಿರುಚಿದೆ. ಅವನ ಮುಂದೆ ಕುಕ್ಕರಿಸಿ, ಅವನ ದವಡೆ ಹಿಡಿದೆ, ಚಿಕ್ಕವನಿದ್ದಾಗ ಮಣ್ಣು ತಿಂದರೆ ಹಿಡಿಯುತ್ತಿದ್ದ ಹಾಗೆ. "ಥೂ ಅಂತ ಉಗುಳೋ. ಚೆನ್ನಾಗಿಲ್ಲ ಅನ್ನೋ. ಒಂದೇ ಒಂದ್ಸಲ ಅನ್ನೋ ಮಾದು."

ಅವನು ಗಾಬರಿಯಾಗಿ ನನ್ನ ಮುಖವನ್ನೇ ನೋಡಿದ. ನನಗೆ ಯಾರ ಮೇಲೆ ಸಿಟ್ಟೆಂದು ಅವನಿಗೆ ತಿಳಿಯಲಿಲ್ಲ. ಬಾಯಲ್ಲಿದ್ದ ತುತ್ತನ್ನು ನುಂಗಿ, "ಯಾಕಕ್ಕ? ಚೆನ್ನಾಗೇ ಇದೆಯಲ್ಲ" ಎಂದ.